ಡಾಂಗಲ್ ಹಾಕಿದರೂ ಲಿನಕ್ಸ್‌ನಲ್ಲಿ ನೆಟ್ ಬರುತ್ತಿಲ್ಲವೇ? ಲಕ್ಷಣ ಹಿಡಿದು ದೋಷ ಹುಡುಕೋಣ

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಅಕ್ಕನ ಮನೆ. ಆ ಕಡೆಗೆ ಇನ್ನೂ ಫೈಬರ್ ಎಳೆದಿಲ್ಲ. ಮಗಳ ಓದಿಗೆ ಅಂತ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿ, ಒಂದು ಹುವಾವೆ ಇ3372 ಡಾಂಗಲ್ (ಸಿಮ್ ಹಾಕಿ ಯುಎಸ್‌ಬಿಗೆ ಚುಚ್ಚುವ ನೆಟ್ ಕಡ್ಡಿ) ಸಮೇತ ನಾನೇ ಕೊಟ್ಟು ಬಂದಿದ್ದೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ನೆಟ್ ಬರ್ತಾ ಇಲ್ಲ ಕಣೋ. ಲಿನಕ್ಸೇ ಹಾಳಾಗಿರಬೇಕು, ಪೇಟೆಗೆ ಒಯ್ದು ಫಾರ್ಮ್ಯಾಟ್ ಮಾಡಿಸ್ತೀನಿ ಅಂತಿದ್ದಾರೆ ನಿಮ್ಮ ಭಾವ."

ಲಿನಕ್ಸ್ ಹಾಳಾಗಿರಲಿಲ್ಲ. ಸಿಗ್ನಲ್ ಚೆನ್ನಾಗಿ ಸಿಗಲಿ ಅಂತ ಭಾವ ಡಾಂಗಲನ್ನು ಕಿಟಕಿ ಸರಳಿಗೆ ಕಟ್ಟಿ, ಅಲ್ಲಿಂದ ಮೇಜಿನವರೆಗೆ ಐದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಎಳೆದಿದ್ದರು. ಅಷ್ಟುದ್ದದ ತೆಳು ತಂತಿಯಲ್ಲಿ ಡಾಂಗಲಿಗೆ ಬೇಕಾದಷ್ಟು ಕರೆಂಟು ಮುಟ್ಟುತ್ತಿರಲಿಲ್ಲ. ಒಂದು ಮೀಟರಿನ ಕೇಬಲ್ ಹಾಕಿದ ಮೇಲೆ ಸರಿಹೋಯಿತು. ಅವತ್ತು ಫಾರ್ಮ್ಯಾಟ್ ಮಾಡಿಸಿದ್ದರೆ ಹುಡುಗಿಯ ಟಿಪ್ಪಣಿಗಳೆಲ್ಲ ಅಳಿಸಿಹೋಗುತ್ತಿದ್ದವು, ನೆಟ್ ಮಾತ್ರ ಬರುತ್ತಿರಲಿಲ್ಲ.

ಇಂಥ ಫೋನುಗಳು ನನಗೆ ಆಗಾಗ ಬರುತ್ತವೆ. ಹತ್ತರಲ್ಲಿ ಏಳೆಂಟು ಸಲ ತಪ್ಪು ಇರುವುದು ಕರೆಂಟಿನಲ್ಲಿ, ಸಿಮ್‌ನಲ್ಲಿ ಅಥವಾ ಎಪಿಎನ್ ಅನ್ನುವ ಒಂದು ಸಣ್ಣ ಪದದಲ್ಲಿ. ಆದರೆ ಬೈಗುಳ ತಿನ್ನುವುದು ಲಿನಕ್ಸ್. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಡಾಂಗಲ್ ಚುಚ್ಚಿದಾಗಿನಿಂದ ಪುಟ ತೆರೆಯುವವರೆಗೆ ಐದು ಮೆಟ್ಟಿಲಿವೆ. ಡಾಂಗಲಿಗೆ ಕರೆಂಟು ಸಿಗಬೇಕು. ಅದು ಸಿಡಿಯ ವೇಷ ಬಿಟ್ಟು (ಇದೇನು ಅಂತ ಮುಂದೆ ಹೇಳುತ್ತೇನೆ) ಮೋಡೆಮ್ ಆಗಬೇಕು. ಲಿನಕ್ಸ್ ಅದನ್ನು ಗುರುತಿಸಬೇಕು. ಸಿಮ್ ಹೋಗಿ ಟವರಿಗೆ ಸೇರಬೇಕು. ಕೊನೆಗೆ ಕಂಪ್ಯೂಟರಿಗೆ ಒಂದು ವಿಳಾಸ, ಹೋಗಲು ಒಂದು ದಾರಿ ಸಿಗಬೇಕು. ಎಲ್ಲಿ ನಿಂತಿದೆ ಅನ್ನುವುದನ್ನು ಕಣ್ಣಿಗೆ ಕಾಣುವ ಲಕ್ಷಣವೇ ಹೇಳುತ್ತದೆ. ಕೆಳಗಿನ ಮೆಟ್ಟಿಲು ಸರಿಯಿಲ್ಲದೆ ಮೇಲಿನದನ್ನು ರಿಪೇರಿ ಮಾಡಲು ಹೋಗಬೇಡಿ.

ಕಮಾಂಡುಗಳನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ ಹಾಗೆ, ಅಕ್ಷರ ಅಕ್ಷರವಾಗಿ ಕನ್ನಡದಲ್ಲೇ ಕೊಟ್ಟಿದ್ದೇನೆ. ನೀವು ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

## ಮೊದಲ ಐದು ನಿಮಿಷ: ಸಿಮ್ ತೆಗೆದು ಫೋನಿಗೆ ಹಾಕಿ

ಕಂಪ್ಯೂಟರ್ ಮುಟ್ಟುವ ಮೊದಲು ಡಾಂಗಲಿನ ಸಿಮ್ ತೆಗೆದು ಒಂದು 4ಜಿ ಫೋನಿಗೆ ಹಾಕಿ. ವೈಫೈ ಆಫ್ ಮಾಡಿ, ಯಾವುದಾದರೂ ಪುಟ ತೆರೆಯಿರಿ. ಖರ್ಚಿಲ್ಲದ ಪರೀಕ್ಷೆ ಇದು. ಅರ್ಧ ದೋಷ ಇಲ್ಲೇ ಸಿಕ್ಕಿಬೀಳುತ್ತದೆ.

ಫೋನಿನಲ್ಲೂ ನೆಟ್ ಬರಲಿಲ್ಲವೇ? ಹಾಗಿದ್ದರೆ ಪ್ಯಾಕ್ ಮುಗಿದಿದೆ, ಇಲ್ಲವೇ ಸಿಮ್ ನಿಂತುಹೋಗಿದೆ. ಡಾಂಗಲಿನ ಸಿಮ್‌ನಿಂದ ಯಾರೂ ಕರೆ ಮಾಡುವುದಿಲ್ಲ, ಮೆಸೇಜೂ ಓದುವುದಿಲ್ಲ. ಹಾಗಾಗಿ ಪ್ಯಾಕ್ ಮುಗಿಯುತ್ತದೆ ಅನ್ನುವ ಎಚ್ಚರಿಕೆ ಬಂದದ್ದೇ ಗೊತ್ತಾಗುವುದಿಲ್ಲ. ಬೇಸಿಗೆ ರಜೆಗೆ ಬಂದಾಗ ಮಾತ್ರ ಬಳಸುವ ಡಾಂಗಲ್ ಇದ್ದರೆ ಇನ್ನೊಂದು ವಿಷಯ ನೆನಪಿಡಿ. 90 ದಿನ ಏನೂ ಬಳಕೆ ಇಲ್ಲದ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಆಗ ಲಿನಕ್ಸ್‌ನಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ. ಕಂಪನಿಯ ಅಂಗಡಿಗೇ ಹೋಗಬೇಕು.

ಫೋನಿನಲ್ಲಿ ಚೆನ್ನಾಗಿ ಬಂತು ಅಂದರೆ ಆ ಫೋನಿನ ಸೆಟ್ಟಿಂಗ್‌ನಲ್ಲಿ ಎಪಿಎನ್ ಅನ್ನುವ ಕಡೆ ಏನು ಬರೆದಿದೆ ನೋಡಿ, ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಮುಂದೆ ಬೇಕಾಗುತ್ತದೆ. ಸಿಮ್‌ಗೆ ಪಿನ್ ಲಾಕ್ ಇದ್ದರೆ ಅದನ್ನೂ ಫೋನಿನಲ್ಲೇ ತೆಗೆದುಬಿಡಿ.

ನ್ಯಾನೋ ಸಿಮ್ ಹಾಕುವಾಗ ಒಂದು ಎಚ್ಚರಿಕೆ. ಹಳೆಯ ಡಾಂಗಲುಗಳ ಸಿಮ್ ಜಾಗ ದೊಡ್ಡದು. ಅದಕ್ಕೆ ಪ್ಲಾಸ್ಟಿಕ್ ಚೌಕಟ್ಟಿನ ಅಡಾಪ್ಟರ್ ಬಳಸುತ್ತೇವೆ, ಅಲ್ವಾ? ಖಾಲಿ ಅಡಾಪ್ಟರನ್ನು ಯಾವತ್ತೂ ಒಳಗೆ ತಳ್ಳಬೇಡಿ. ಒಳಗಿನ ಸಣ್ಣ ಹಿತ್ತಾಳೆ ಬಣ್ಣದ ನಾಲಿಗೆಗಳು ಅದರ ತೂತಿಗೆ ಸಿಕ್ಕಿಕೊಳ್ಳುತ್ತವೆ. ಎಳೆದರೆ ಕಿತ್ತು ಬರುತ್ತವೆ. ಸಿಮ್ ಅಡಾಪ್ಟರಿನಲ್ಲಿ ಸಡಿಲವಾಗಿದ್ದರೆ ಹಿಂಬದಿಗೆ ತೆಳುವಾದ ಟೇಪ್ ಅಂಟಿಸಿ. ಸಿಕ್ಕಿಹಾಕಿಕೊಂಡರೆ ಚಾಕು, ಪಿನ್ನು ಹಾಕಿ ಕೆದಕಬೇಡಿ. ಮೊಬೈಲ್ ರಿಪೇರಿಯವರು ಮೇಲಿನ ಮುಚ್ಚಳ ಬಿಚ್ಚಿ ತೆಗೆಯುತ್ತಾರೆ.

## ಚುಚ್ಚಿದರೂ ದೀಪವೇ ಹತ್ತುತ್ತಿಲ್ಲ

ದೀಪ ಹತ್ತುತ್ತಿಲ್ಲ ಅಂದರೆ ಕರೆಂಟು ಸಿಗುತ್ತಿಲ್ಲ. ಎಕ್ಸ್‌ಟೆನ್ಷನ್ ಕೇಬಲ್, ಯುಎಸ್‌ಬಿ ಹಬ್ ಎಲ್ಲ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬೇಡ, ಹಿಂದಿನದಕ್ಕೆ ಹಾಕಿ. ಮುಂದಿನವು ಕ್ಯಾಬಿನೆಟ್ಟಿನ ಒಳಗೆ ತೆಳ್ಳನೆಯ ತಂತಿಯ ಮೂಲಕ ಹೋಗುತ್ತವೆ. ಹಿಂದಿನವು ಮದರ್‌ಬೋರ್ಡಿನ ಮೇಲೇ ಇರುತ್ತವೆ.

ಅದೇ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದರೆ ಅದು ಕಾಣುತ್ತದೆಯೇ? ಕಂಡರೆ ಪೋರ್ಟ್ ಚೆನ್ನಾಗಿದೆ. ಡಾಂಗಲನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಎರಡು ಕಂಪ್ಯೂಟರಿನಲ್ಲೂ ದೀಪ ಬರದಿದ್ದರೆ ಡಾಂಗಲ್ ಸತ್ತಿದೆ. ಹಳೆಯ ಡಾಂಗಲಿನ ರಿಪೇರಿಗೆ ಕೊಡುವ ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ.

ಸುಟ್ಟ ವಾಸನೆ ಬಂದರೆ, ಪ್ಲಾಸ್ಟಿಕ್ ಉಬ್ಬಿದ್ದರೆ, ಕೈಲಿ ಹಿಡಿಯಲಾಗದಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಚುಚ್ಚಿ ನೋಡುವುದೂ ಬೇಡ. ಶಾರ್ಟ್ ಆಗಿರುವ ಡಾಂಗಲ್ ಲ್ಯಾಪ್‌ಟಾಪಿನ ಪೋರ್ಟನ್ನೂ ಹಾಳು ಮಾಡಬಹುದು. ಕೆಲಸ ಮಾಡುವಾಗ ಬೆಚ್ಚಗಾಗುವುದು ಮಾಮೂಲಿ, ಅದಕ್ಕೆ ಹೆದರಬೇಕಿಲ್ಲ.

## ದೀಪ ಇದೆ, ಆದರೆ ಸಿಡಿ ಅಥವಾ ಪೆನ್‌ಡ್ರೈವ್ ತರ ಕಾಣುತ್ತಿದೆ

ಲಿನಕ್ಸ್‌ಗೆ ಹೊಸದಾಗಿ ಬಂದವರು ಗಾಬರಿಯಾಗುವುದು ಇಲ್ಲಿ. ಡಾಂಗಲ್ ಹಾಕಿದ ಕೂಡಲೇ ಡೆಸ್ಕ್‌ಟಾಪ್ ಮೇಲೆ ಸಿಡಿ ಚಿತ್ರ ಬರುತ್ತದೆ. ಒಳಗೆ ವಿಂಡೋಸ್‌ನ ಸೆಟಪ್ ಫೈಲುಗಳಿರುತ್ತವೆ. ಮೋಡೆಮ್ ಮಾತ್ರ ಎಲ್ಲೂ ಇಲ್ಲ.

ಡಾಂಗಲ್ ಮಾಡಿದವರೇ ಇದನ್ನು ಹೀಗೆ ಇಟ್ಟಿದ್ದಾರೆ. ಜೊತೆಗೊಂದು ಬೇರೆ ಸಿಡಿ ಕೊಡುವ ಬದಲು ವಿಂಡೋಸ್ ಡ್ರೈವರನ್ನು ಡಾಂಗಲಿನ ಒಳಗೇ ತುಂಬಿದರು. ಚುಚ್ಚಿದಾಗ ಮೊದಲು ಸಿಡಿ ಡ್ರೈವಿನ ವೇಷ. ಡ್ರೈವರ್ ಕೂತ ಮೇಲೆ ಅದು ಒಂದು ಗುಟ್ಟಿನ ಸಂದೇಶ ಕಳಿಸುತ್ತದೆ, ಆಗ ವೇಷ ಕಳಚಿ ಮೋಡೆಮ್ ಆಗುತ್ತದೆ. ಲಿನಕ್ಸ್‌ನಲ್ಲಿ ಆ ಸಂದೇಶ ಕಳಿಸುವ ಕೆಲಸಕ್ಕೆ ಯುಎಸ್‌ಬಿ-ಮೋಡ್‌ಸ್ವಿಚ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಇದೆ. ಯೋಶುವಾ ಡೀಟ್ಸೆ ಅನ್ನುವವರು ಬರೆದದ್ದು. ಯಾವ ಡಾಂಗಲಿಗೆ ಯಾವ ಸಂದೇಶ ಅನ್ನುವ ಪಟ್ಟಿ ಅದರ ಜೊತೆಗೇ ಬರುತ್ತದೆ.

ಪರೀಕ್ಷೆ ಸುಲಭ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಅಂತ ಐದಕ್ಷರ ಟೈಪ್ ಮಾಡಿ. ಯುಎಸ್‌ಬಿಗೆ ಅಂಟಿರುವ ಎಲ್ಲದರ ಪಟ್ಟಿ ಬರುತ್ತದೆ. ಪ್ರತಿ ಸಾಲಿನಲ್ಲೂ ಐಡಿ ಅನ್ನುವ ಪದದ ಮುಂದೆ ನಾಲ್ಕಕ್ಷರ, ಚುಕ್ಕೆ ಜೋಡಿ, ಮತ್ತೆ ನಾಲ್ಕಕ್ಷರ ಇರುತ್ತದೆ. ಮೊದಲ ನಾಲ್ಕು ಕಂಪನಿಯ ಗುರುತು: 12ಡಿ1 ಅಂದರೆ ಹುವಾವೆ, 19ಡಿ2 ಅಂದರೆ ಝಡ್‌ಟಿಇ. ಆಮೇಲಿನ ನಾಲ್ಕು ಡಾಂಗಲ್ ಈಗ ಯಾವ ವೇಷದಲ್ಲಿದೆ ಅನ್ನುವುದನ್ನು ಹೇಳುತ್ತವೆ. ಅಕ್ಕನ ಇ3372 ಸಿಡಿ ವೇಷದಲ್ಲಿದ್ದಾಗ 1ಎಫ್01 ಅಂತ ತೋರಿಸುತ್ತದೆ. ವೇಷ ಕಳಚಿದ ಮೇಲೆ 14ಡಿಸಿ. ಹಳೆಯ ಹುವಾವೆ 3ಜಿ ಡಾಂಗಲುಗಳಲ್ಲಿ 1446 ಅಂತ ಕಂಡರೆ ಇನ್ನೂ ಸಿಡಿಯೇ. ಝಡ್‌ಟಿಇಯಲ್ಲಿ 2000 ಅಂತಿದ್ದರೂ ಹಾಗೆಯೇ.

ಹಾಕಿದ ತಕ್ಷಣ ಒಂದು ಸಲ, ಅರ್ಧ ನಿಮಿಷ ಬಿಟ್ಟು ಇನ್ನೊಂದು ಸಲ ಈ ಕಮಾಂಡ್ ಕೊಡಿ. ನಂಬರ್ ಬದಲಾದರೆ ಈ ಮೆಟ್ಟಿಲು ದಾಟಿದಿರಿ. ಬದಲಾಗಲಿಲ್ಲವೇ?

ಮೊದಲು ಫೈಲ್ ಮ್ಯಾನೇಜರಿನಲ್ಲಿ ಆ ಸಿಡಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಒತ್ತಿ, ಡಾಂಗಲ್ ಕೀಳದೆ ಹದಿನೈದು ಸೆಕೆಂಡ್ ಕಾಯಿರಿ. ಝಡ್‌ಟಿಇಯ ಎಷ್ಟೋ ಡಾಂಗಲುಗಳಿಗೆ ಇಷ್ಟೇ ಸಾಕು. ಆಗದಿದ್ದರೆ ಯುಎಸ್‌ಬಿ-ಮೋಡ್‌ಸ್ವಿಚ್ ಇದೆಯೇ ನೋಡಿ. ಉಬುಂಟು, ಮಿಂಟ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಡೆಬಿಯನ್ನನ್ನು ಕನಿಷ್ಠವಾಗಿ ಹಾಕಿಕೊಂಡಿದ್ದರೆ ಇರಲಿಕ್ಕಿಲ್ಲ. ‘ಸುಡೊ ಎಪಿಟಿ ಇನ್‌ಸ್ಟಾಲ್ ಯುಎಸ್‌ಬಿ-ಮೋಡ್‌ಸ್ವಿಚ್’ ಅಂದರೆ ಬರುತ್ತದೆ.

ನೆಟ್ಟೇ ಇಲ್ಲದಿರುವಾಗ ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ನೀವು ಕೇಳುತ್ತೀರಿ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ಲ್ಯಾನ್ ಕೇಬಲ್ ಹಾಕಿದಂತೆ ಕಾಣುತ್ತದೆ. ಬೇರೆ ಏನೂ ಸೆಟ್ ಮಾಡಬೇಕಿಲ್ಲ. ಹತ್ತು ನಿಮಿಷಕ್ಕೆ ಫೋನೇ ಮೋಡೆಮ್. ಕೇಬಲ್ ಹಾಕಿದರೂ ಟೆದರಿಂಗ್ ಆಯ್ಕೆ ಮಂಕಾಗಿದ್ದರೆ ಆ ಕೇಬಲ್ ಬರೀ ಚಾರ್ಜಿಂಗಿಗೆ ಇರುವಂಥದ್ದು, ಬೇರೆ ಕೇಬಲ್ ಹಾಕಿ.

ನಿದ್ದೆಗೆ ಹೋಗಿ ಎದ್ದ ಲ್ಯಾಪ್‌ಟಾಪಿನಲ್ಲಿ ಕೆಲವು ಡಾಂಗಲುಗಳು ಮತ್ತೆ ಸಿಡಿ ವೇಷ ಹಾಕಿಕೊಳ್ಳುತ್ತವೆ. ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿ, ಸಾಕು.

## ಗುರುತಿಸಿದೆ, ಆದರೆ ಮೆನುವಿನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಇಲ್ಲ

ಇಲ್ಲಿ ಡಾಂಗಲ್ ಯಾವ ಜಾತಿಯದು ಅನ್ನುವುದು ಮುಖ್ಯ. ಎರಡು ತರ ಇವೆ.

ಒಂದು, ಎಲ್ಲ ಕೆಲಸವನ್ನೂ ತಾನೇ ಮಾಡುವ ಪುಟ್ಟ ರೌಟರ್. ಹುವಾವೆಯವರು ಇದನ್ನು ಹೈಲಿಂಕ್ ಅನ್ನುತ್ತಾರೆ. ಇದು ಲಿನಕ್ಸ್‌ಗೆ ಮೋಡೆಮ್ ತರ ಕಾಣುವುದೇ ಇಲ್ಲ, ವೈರ್ಡ್ ಕನೆಕ್ಷನ್ ಅಂತ ಕಾಣುತ್ತದೆ. ಮೊಬೈಲ್ ಬ್ರಾಡ್‌ಬ್ಯಾಂಡ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ, ಅದು ದೋಷವೂ ಅಲ್ಲ. ಬ್ರೌಸರಿನಲ್ಲಿ 192.168.8.1 ಅಂತ ಹಾಕಿ. ಡಾಂಗಲಿನದೇ ಪುಟ ತೆರೆಯುತ್ತದೆ. ಸಿಗ್ನಲ್, ಸಿಮ್, ಎಪಿಎನ್ ಎಲ್ಲ ಅಲ್ಲೇ ಇದೆ. ಆ ಪುಟ ತೆರೆದರೆ ಲಿನಕ್ಸಿನ ಕೆಲಸ ಸರಿಯಾಗಿ ನಡೆದಿದೆ, ಉಳಿದ ತೊಂದರೆ ಸಿಮ್ ಅಥವಾ ಟವರಿನದು ಅಂತ ಅರ್ಥ.

ಇನ್ನೊಂದು ಜಾತಿ ಹಳೆಯದು. ಡಯಲ್ ಮಾಡುವ ಕೆಲಸವನ್ನು ಕಂಪ್ಯೂಟರಿಗೇ ಬಿಡುತ್ತದೆ. ಇದಕ್ಕೆ ಮೋಡೆಮ್‌ಮ್ಯಾನೇಜರ್ ಅನ್ನುವ ಹಿನ್ನೆಲೆಯ ಸಾಫ್ಟ್‌ವೇರ್ ಬೇಕು. ಡಾಂಗಲ್ ಹಾಕಿದ ಮೇಲೆ ಅದು ಒಂದೊಂದು ಪೋರ್ಟನ್ನೂ ತಟ್ಟಿ ನೋಡುತ್ತದೆ. ಅರ್ಧ ನಿಮಿಷವಾದರೂ ಬೇಕು, ಅವಸರ ಮಾಡಬೇಡಿ. ಆಮೇಲೆ ‘ಎಂಎಂಸಿಎಲ್‌ಐ’ ಬರೆದು, ಜಾಗ ಬಿಟ್ಟು, ಅಡ್ಡಗೀಟು, ಅದಕ್ಕೆ ಅಂಟಿಸಿ ದೊಡ್ಡಕ್ಷರದ ‘ಎಲ್’ ಹಾಕಿ. ಡಾಂಗಲಿನ ಹೆಸರು, ಅದಕ್ಕೊಂದು ನಂಬರ್ ಬಂದರೆ ಗೆದ್ದಿರಿ. ಮೋಡೆಮ್ ಸಿಗಲಿಲ್ಲ ಅಂತ ಬಂದರೆ ‘ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಮೋಡೆಮ್‌ಮ್ಯಾನೇಜರ್’ ಕೊಡಿ. ಕೊನೆಯದು ಒಂದೇ ಪದ, ಅದರಲ್ಲಿ ಮೋಡೆಮ್‌ನ ಎಂ, ಮ್ಯಾನೇಜರ್‌ನ ಎಂ ಎರಡೂ ದೊಡ್ಡಕ್ಷರ. ಮತ್ತೆ ಅರ್ಧ ನಿಮಿಷ ಕಾದು ಪಟ್ಟಿ ಕೇಳಿ.

ಹಳೆಯ ಲೇಖನಗಳನ್ನು ನೋಡಿ ಡಬ್ಲ್ಯುವಿ-ಡಯಲ್ ಅನ್ನುವ ಡಯಲ್ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು *99# ಡಯಲ್ ಮಾಡಲು ಹೊರಟವರಿಗೆ ಒಂದು ಮಾತು. ಮೋಡೆಮ್‌ಮ್ಯಾನೇಜರ್ ಓಡುತ್ತಿರುವಾಗ ಇನ್ನೊಂದು ಸಾಫ್ಟ್‌ವೇರ್ ಅದೇ ಪೋರ್ಟಿಗೆ ಕೈಹಾಕಿದರೆ ‘ಡಿವೈಸ್ ಬ್ಯುಸಿ’ ಅನ್ನುವ ದೂರು ಬರುತ್ತದೆ. ಇಬ್ಬರು ಒಂದೇ ಫೋನಿನಲ್ಲಿ ಮಾತಾಡಲು ಹೊರಟ ಹಾಗೆ. ಒಂದನ್ನು ಬಿಡಿ. ನಾನಾದರೆ ಡಬ್ಲ್ಯುವಿ-ಡಯಲ್ ಬಿಡುತ್ತೇನೆ.

## ಸಿಮ್ ಇಲ್ಲ ಅನ್ನುತ್ತಿದೆ, ಅಥವಾ ಲಾಕ್ ಆಗಿದೆ

ಸಿಮ್ ಇಲ್ಲ ಅಂದರೆ ತೆಗೆದು, ಒಣ ಬಟ್ಟೆಯಲ್ಲಿ ಚಿನ್ನದ ಬಣ್ಣದ ಭಾಗ ಒರೆಸಿ, ದಿಕ್ಕು ನೋಡಿ ಹಾಕಿ. ಡಾಂಗಲ್ ಚುಚ್ಚಿರುವಾಗ ಸಿಮ್ ಬದಲಿಸಬೇಡಿ. ಕಿತ್ತು, ಬದಲಿಸಿ, ಮತ್ತೆ ಹಾಕಿ.

ಪಿನ್ ಕೇಳಿದರೆ ಊಹೆ ಮಾಡಿ ಹಾಕುವುದು ಬೇಡ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಪಿಯುಕೆ, ಅಂದರೆ ಆ ಲಾಕ್ ತೆಗೆಯುವ ಕೋಡ್, ಕೇಳುತ್ತದೆ. ಅದನ್ನು ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಹೋಯಿತು. ಎರಡನೇ ಸಲ ತಪ್ಪಿದ ಕೂಡಲೇ ನಿಲ್ಲಿಸಿ, ಸಿಮ್ ಕಂಪನಿಯವರಿಂದ ಪಿಯುಕೆ ಪಡೆಯಿರಿ.

ಸಿಮ್ ಫೋನಿನಲ್ಲಿ ಚೆನ್ನಾಗಿದ್ದು, ಡಾಂಗಲಿನಲ್ಲಿ ಮಾತ್ರ ಬೇರೆ ಯಾವುದೋ ಕೋಡ್ ಕೇಳುತ್ತಿದೆಯೇ? ಆಗ ಲಾಕ್ ಇರುವುದು ಡಾಂಗಲಿಗೆ. ಒಂದು ಕಂಪನಿಯ ಹೆಸರಿನಲ್ಲಿ ಮಾರಿದ ಡಾಂಗಲ್ ಆ ಕಂಪನಿಯ ಸಿಮ್ಮನ್ನು ಮಾತ್ರ ಒಪ್ಪುತ್ತದೆ. ಎಲ್ಲೋ ಸಿಕ್ಕ ಅನ್‌ಲಾಕ್ ಕೋಡುಗಳನ್ನು ಒಂದಾದ ಮೇಲೊಂದು ಹಾಕಿ ನೋಡಬೇಡಿ. ಹುವಾವೆ ಡಾಂಗಲುಗಳು ಹತ್ತು ಸಲ ಮಾತ್ರ ಅವಕಾಶ ಕೊಡುತ್ತವೆ.

## ಸಿಗ್ನಲ್ ಇಲ್ಲ, ಟವರ್ ಹುಡುಕುತ್ತಲೇ ಇದೆ

ದೀಪದ ಬಣ್ಣ ನೋಡಿ. ಹುವಾವೆ ಡಾಂಗಲುಗಳಲ್ಲಿ ಹಸಿರು ದೀಪ ಮೂರು ಸೆಕೆಂಡಿಗೆ ಎರಡು ಸಲ ಮಿಣುಕಿದರೆ ಕರೆಂಟು ಇದೆ, ಟವರ್ ಇನ್ನೂ ಸಿಕ್ಕಿಲ್ಲ ಅಂತ. ಗಟ್ಟಿ ನೀಲಿ ಅಂದರೆ 3ಜಿಯಲ್ಲಿ ಕನೆಕ್ಟ್ ಆಗಿದೆ. 4ಜಿ ಡಾಂಗಲುಗಳಲ್ಲಿ ತಿಳಿ ನೀಲಿ ಬಂದರೆ 4ಜಿ.

ಹಳೆಯ ಮೋಡೆಮ್ ಜಾತಿಯದಾದರೆ ‘ಎಂಎಂಸಿಎಲ್‌ಐ’, ಜಾಗ, ಅಡ್ಡಗೀಟು ಸಣ್ಣ ‘ಎಂ’, ಜಾಗ ಬಿಟ್ಟು ಮೊದಲು ಕಂಡ ನಂಬರ್ ಹಾಕಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಸ್ಟೇಟ್, ಸಿಗ್ನಲ್ ಕ್ವಾಲಿಟಿ, ರಿಜಿಸ್ಟ್ರೇಷನ್ ಅನ್ನುವ ಮೂರು ಸಾಲು ಸಾಕು. ಸರ್ಚಿಂಗ್ ಅಂದರೆ ಹುಡುಕುತ್ತಿದೆ. ಡಿನೈಡ್ ಅಂದರೆ ಟವರ್ ಸಿಕ್ಕಿದೆ, ಅದು ಈ ಸಿಮ್ಮನ್ನು ಸೇರಿಸಿಕೊಳ್ಳುತ್ತಿಲ್ಲ. ಹಾಗಿದ್ದರೆ ಮತ್ತೆ ಸಿಮ್ ಕಂಪನಿ ಕಡೆಗೇ ಹೋಗಬೇಕು.

ಸರ್ಚಿಂಗ್‌ನಲ್ಲೇ ನಿಂತಿದ್ದರೆ ಡಾಂಗಲಿನ ವಯಸ್ಸು ಕೇಳಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ. ಜಿಯೋ 2016ರಲ್ಲಿ ಶುರುವಾದದ್ದೇ 4ಜಿಯಿಂದ. ಅದಕ್ಕೆ 2ಜಿ, 3ಜಿ ಯಾವತ್ತೂ ಇರಲಿಲ್ಲ. ಹಾಗಾಗಿ 3ಜಿ ಡಾಂಗಲಿಗೆ ಜಿಯೋ ಸಿಮ್ ಹಾಕಿದರೆ ಎಷ್ಟು ಕಾದರೂ ಸಿಗ್ನಲ್ ಬರುವುದಿಲ್ಲ. ಏರ್‌ಟೆಲ್ ತನ್ನ 3ಜಿಯನ್ನು 2020ರ ಹೊತ್ತಿಗೆ ನಿಲ್ಲಿಸಿತು. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್, ಎಂಟಿಎಸ್ ಎಂಬ್ಲೇಜ್ ಅಂತ ಒಂದು ಕಾಲದಲ್ಲಿ ಬಂದ, ಸಿಡಿಎಂಎ ಅನ್ನುವ ಹಳೆಯ ತಂತ್ರಜ್ಞಾನದ ಡಾಂಗಲುಗಳಿಗೆ ಈಗ ಟವರೇ ಇಲ್ಲ. ಅವನ್ನು ಇ-ಕಸಕ್ಕೆ ಕೊಟ್ಟುಬಿಡಿ.

4ಜಿ ಡಾಂಗಲ್ ಆದರೂ ಬ್ಯಾಂಡ್, ಅಂದರೆ ಟವರ್ ಬಳಸುವ ತರಂಗಾಂತರದ ಪಟ್ಟಿ, ಹೊಂದಬೇಕು. ಜಿಯೋ 4ಜಿ ಓಡುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಬಿಎಸ್‌ಎನ್‌ಎಲ್ 4ಜಿಗೆ ಬ್ಯಾಂಡ್ 28, ಅಂದರೆ 700 ಮೆಗಾಹರ್ಟ್ಸ್, ಮತ್ತು ಬ್ಯಾಂಡ್ 1. ಯುರೋಪಿನಲ್ಲಿರುವ ನೆಂಟರು ತಂದುಕೊಟ್ಟ ಇ3372ಎಚ್-153ಕ್ಕೆ ಬ್ಯಾಂಡ್ 40, 28 ಎರಡೂ ಇಲ್ಲ. ನೋಡಲು ಅಕ್ಕನ ಮನೆಯದರ ಹಾಗೇ ಇರುತ್ತದೆ, ಊರಿನ ಟವರ್ ಮಾತ್ರ ಹಿಡಿಯದೆ ಇರಬಹುದು. ಡಾಂಗಲಿನ ಮುಚ್ಚಳದ ಒಳಗೆ ಪೂರ್ತಿ ಮಾದರಿ ನಂಬರ್ ಬರೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮೊದಲು ಅದನ್ನು ನೋಡಿ.

ಬ್ಯಾಂಡೂ ಸರಿಯಿದ್ದು ಸಿಗ್ನಲ್ ಕಡಿಮೆ ಇದ್ದರೆ ಜಾಗ ಬದಲಿಸಿ ನೋಡಿ. ಮಣ್ಣಿನ ದಪ್ಪ ಗೋಡೆಯ ಒಳಗಿಂತ ಮಾಳಿಗೆಯ ಕಿಟಕಿಯಲ್ಲಿ ಎಷ್ಟೋ ಜಾಸ್ತಿ ಸಿಗುತ್ತದೆ. ಸಿಗ್ನಲ್ ಬೂಸ್ಟರ್ ಅಂತ ಮಾರುವ ಪೆಟ್ಟಿಗೆಗಳನ್ನು ಮಾತ್ರ ಕೊಳ್ಳಬೇಡಿ. ಅನುಮತಿ ಇಲ್ಲದೆ ಅವನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಸುತ್ತಲಿನ ಮನೆಗಳ ಸಿಗ್ನಲ್ಲನ್ನೂ ಅವು ಕೆಡಿಸುತ್ತವೆ.

## ಕನೆಕ್ಟ್ ಒತ್ತಿದ ಕೂಡಲೇ ಕಡಿದುಹೋಗುತ್ತದೆ

ಸಿಗ್ನಲ್ ಚೆನ್ನಾಗಿದೆ, ಸಿಮ್ ಸೇರಿಕೊಂಡಿದೆ, ಕನೆಕ್ಟ್ ಅಂದರೆ ಎರಡು ಸೆಕೆಂಡ್ ಸುತ್ತಿ ಬಿಟ್ಟುಬಿಡುತ್ತದೆ. ಇದರ ಹಿಂದೆ ಸಾಮಾನ್ಯವಾಗಿ ಎಪಿಎನ್ ತಪ್ಪಿರುತ್ತದೆ. ಅದು ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು. ಸಿಮ್ ಬದಲಿಸಿದಾಗ ಹಳೆಯ ಕಂಪನಿಯ ಹೆಸರು ಹಾಗೇ ಉಳಿದುಬಿಡುತ್ತದೆ. ನಂಬರ್ ಪೋರ್ಟ್ ಮಾಡಿಸಿಕೊಂಡವರಿಗೆ ಇದು ಮಾಮೂಲಿ.

ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಚುಕ್ಕೆ ಕಾಮ್. ವಿ (ವೊಡಾಫೋನ್ ಐಡಿಯಾ) ಕಂಪನಿಯದಕ್ಕೆ ಬರೀ ಮೂರು ಡಬ್ಲ್ಯು. ಎಲ್ಲ ಸಣ್ಣಕ್ಷರ, ಮಧ್ಯೆ ಜಾಗ ಬಿಡಬಾರದು. ಹೆಸರಿನ ಕೊನೆಗೆ ಗೊತ್ತಿಲ್ಲದೆ ಒಂದು ಸ್ಪೇಸ್ ಬಿದ್ದಿದ್ದರೂ ಕನೆಕ್ಟ್ ಆಗುವುದಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಮೊದಲು ಫೋನಿನಿಂದ ಗುರುತು ಮಾಡಿಕೊಂಡ ಚೀಟಿ ಇದೆಯಲ್ಲ, ಅದರ ಜೊತೆ ತಾಳೆ ನೋಡಿ. ಹೈಲಿಂಕ್ ಡಾಂಗಲಾದರೆ ಅದರ ಪುಟದಲ್ಲೇ ಬದಲಿಸಬೇಕು, ಲಿನಕ್ಸ್‌ನಲ್ಲಿ ಅಲ್ಲ.

## ಕನೆಕ್ಟ್ ಆಗಿದೆ, ಪುಟ ಮಾತ್ರ ತೆರೆಯುತ್ತಿಲ್ಲ

ಮೊದಲು ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಕಿತ್ತುಬಿಡಿ. ಎರಡು ಮೂರು ದಾರಿ ಇದ್ದಾಗ ಲಿನಕ್ಸ್ ಲ್ಯಾನ್ ಕೇಬಲಿಗೆ ಮೊದಲ ಸ್ಥಾನ ಕೊಡುತ್ತದೆ, ಆಮೇಲೆ ವೈಫೈಗೆ, ಕೊನೆಗೆ ಮೊಬೈಲ್ ಮೋಡೆಮ್‌ಗೆ. ನೆಟ್ ಇಲ್ಲದ ವೈಫೈ ರೌಟರಿಗೆ ಅಂಟಿಕೊಂಡಿದ್ದರೆ ಡಾಂಗಲಿನಲ್ಲಿ ನೆಟ್ ಇದ್ದೂ ಸಿಗದೆ ಹೋಗಬಹುದು.

ಆಮೇಲೆ ‘ಪಿಂಗ್ 8.8.8.8’ ಕೊಡಿ. ಸಾಲು ಸಾಲಾಗಿ ಉತ್ತರ ಬರುತ್ತಿದ್ದು, ಪುಟದ ಹೆಸರು ಹಾಕಿ ಪಿಂಗ್ ಮಾಡಿದರೆ ಬರದಿದ್ದರೆ ತೊಂದರೆ ಡಿಎನ್‌ಎಸ್‌ನಲ್ಲಿದೆ. ಹೆಸರನ್ನು ನಂಬರಾಗಿ ಬದಲಿಸುವ ಕೆಲಸ ನಿಂತಿದೆ ಅಂತ ಅರ್ಥ. ಕನೆಕ್ಷನ್ನಿನ ಸೆಟ್ಟಿಂಗ್‌ನಲ್ಲಿ ಐಪಿವಿ4 ಅನ್ನುವ ಪುಟಕ್ಕೆ ಹೋಗಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಬರೆದು, ಡಿಸ್‌ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ. ಎರಡೂ ಪಿಂಗ್‌ಗೆ ಉತ್ತರ ಇಲ್ಲದಿದ್ದರೆ ದಿನದ ಡೇಟಾ ಮುಗಿದಿದೆಯೇ ನೋಡಿ, ಎಪಿಎನ್ ಮತ್ತೊಮ್ಮೆ ನೋಡಿ.

ಪಿಂಗ್ ಎರಡೂ ಸರಿ, ಬ್ರೌಸರ್ ಮಾತ್ರ ‘ಕನೆಕ್ಷನ್ ಸುರಕ್ಷಿತವಲ್ಲ’ ಅಂತ ಎಲ್ಲ ಪುಟಕ್ಕೂ ಹೇಳುತ್ತಿದೆಯೇ? ಗಡಿಯಾರ ನೋಡಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿರುತ್ತದೆ. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಆನ್ ಮಾಡಿದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಕು ಸರಿಮಾಡಿದ ಕೂಡಲೇ ಪುಟಗಳು ತೆರೆಯುತ್ತವೆ. ಬಿಡುವಾದಾಗ ಸೆಲ್ ಬದಲಿಸಿಬಿಡಿ, ತುಂಬಾ ಅಗ್ಗ.

## ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ

ಅಕ್ಕನ ಮನೆಯಲ್ಲಿ ಆದದ್ದು ಇದೇ. ಹಸಿರು ಎರಡು ಸಲ ಮಿಣುಕುತ್ತದೆ, ತಿಳಿ ನೀಲಿ ಬರುತ್ತದೆ, ಒಂದು ವೀಡಿಯೊ ಶುರು ಮಾಡಿದ ಕೂಡಲೇ ದೀಪ ಆರಿ ಮತ್ತೆ ಹಸಿರು. ಫೋನಿನಲ್ಲಿ ಅವಳಿಗೆ ‘ಸುಡೊ ಡಿಎಂಇಎಸ್‌ಜಿ’, ಜಾಗ, ಅಡ್ಡಗೀಟು ‘ಡಬ್ಲ್ಯು’ ಅಂತ ಟೈಪ್ ಮಾಡಿಸಿದೆ. ಲಿನಕ್ಸ್ ತನ್ನೊಳಗೆ ನಡೆಯುವುದನ್ನೆಲ್ಲ ಆಗಿಂದಾಗ ಇಲ್ಲಿ ಬರೆಯುತ್ತಾ ಹೋಗುತ್ತದೆ. ಅಕ್ಕ ಓದಿದಳು: "ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ 7. ಆಮೇಲೆ ನ್ಯೂ ಡಿವೈಸ್, ನಂಬರ್ 8. ಈಗ ಮತ್ತೆ ಡಿಸ್‌ಕನೆಕ್ಟ್. ಈಗ 9 ಬಂತು ನೋಡು." ಯಾರೂ ಮುಟ್ಟದೆ ಇದ್ದರೂ ಡಾಂಗಲ್ ತಾನೇ ಕಿತ್ತು ತಾನೇ ಚುಚ್ಚಿಕೊಳ್ಳುತ್ತಿತ್ತು. ಮಧ್ಯೆ ಎರಡು ಕಡೆ ‘ಎರರ್ -71’ ಅಂತಲೂ ಇತ್ತು. ಡಾಂಗಲ್ ಜೊತೆ ಮಾತು ಸರಿಯಾಗಿ ಕೇಳುತ್ತಿಲ್ಲ ಅನ್ನುವುದಕ್ಕೆ ಲಿನಕ್ಸ್ ಹೀಗನ್ನುತ್ತದೆ. ಕೇಬಲ್ ಅಥವಾ ಕರೆಂಟು ಕೆಟ್ಟಾಗ ಇದು ಕಾಣುವುದು ಹೆಚ್ಚು.

ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪ್ ಕೊಡುತ್ತದೆ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ 900. ಟವರ್ ದೂರ ಇದ್ದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಜೋರಾಗಿ ಕೂಗಲು ಜಾಸ್ತಿ ಕರೆಂಟು ಬೇಕು. ಹಾಗಾಗಿಯೇ ಪೇಟೆಯಲ್ಲಿ ಚೆನ್ನಾಗಿದ್ದ ಡಾಂಗಲ್ ಹಳ್ಳಿಯಲ್ಲಿ ಕಡಿಯುತ್ತದೆ. ನೀಲಿ ಪೋರ್ಟಿಗೆ ಹಾಕಿ. ಕೇಬಲ್ ಬೇಕೇಬೇಕು ಅಂದರೆ ಒಂದು ಮೀಟರಿನ ದಪ್ಪನೆಯದು ತನ್ನಿ. ಇನ್ನೂ ದೂರ ಬೇಕಾದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬೇಕು.

ಅಕ್ಕ ಓದಿದ ಹಾಗೆ ಡಿವೈಸ್ ನಂಬರುಗಳು ಓಡದೆ, ಸುಮ್ನೆ ಬಿಟ್ಟಾಗ ಮಾತ್ರ ನೆಟ್ ಕಡಿಯುತ್ತಿದ್ದರೆ ವಿದ್ಯುತ್ ಉಳಿಸುವ ಸಾಫ್ಟ್‌ವೇರ್ ಕಾರಣ ಇರಬಹುದು. ಟಿಎಲ್‌ಪಿ ಹಾಕಿಕೊಂಡಿದ್ದರೆ ಅದನ್ನು ಒಂದು ದಿನ ನಿಲ್ಲಿಸಿ ನೋಡಿ. ಸರಿಹೋದರೆ ಅದರ ಸೆಟ್ಟಿಂಗ್ ಫೈಲಿನಲ್ಲಿ ಡಾಂಗಲನ್ನು ಹೊರಗಿಡುವ ಆಯ್ಕೆ ಇದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಕಿಟಕಿಯಲ್ಲಿ ಕಟ್ಟಿದ ಡಾಂಗಲನ್ನು ಬಿಚ್ಚಿ ಒಳಗೆ ತನ್ನಿ, ಲ್ಯಾಪ್‌ಟಾಪಿನ ಚಾರ್ಜರನ್ನೂ ಪ್ಲಗ್ಗಿನಿಂದ ಕೀಳಿ. ಮಿಂಚು ಶುರುವಾದ ಮೇಲೆ ಕಿಟಕಿ ಹತ್ತಿರ ಹೋಗುವುದು ಬೇಡ, ಡಾಂಗಲ್ ಹೋದರೆ ಹೋಗಲಿ.

## ಇಷ್ಟೆಲ್ಲ ಆದಮೇಲೂ ಆಗದಿದ್ದರೆ

ಡಾಂಗಲಿನ ಫರ್ಮ್‌ವೇರ್ (ಅದರೊಳಗೇ ಇರುವ ಸಾಫ್ಟ್‌ವೇರ್) ಬದಲಿಸಲು ಹೋಗಬೇಡಿ. ಮಧ್ಯದಲ್ಲಿ ಕರೆಂಟು ಹೋದರೆ ಡಾಂಗಲ್ ಮತ್ತೆ ಏಳುವುದಿಲ್ಲ. ಗೊತ್ತಿರುವವರ ಸಹಾಯ ಕೇಳಿ. ಕೇಳುವಾಗ ಬರೀ ‘ನೆಟ್ ಬರ್ತಿಲ್ಲ’ ಅಂದರೆ ಅವರಿಗೂ ಕತ್ತಲೆಯಲ್ಲಿ ತಡಕಾಡಿದಂತೆ. ಲಿನಕ್ಸ್ ಯಾವುದು, ಎಷ್ಟನೇ ಆವೃತ್ತಿ, ಡಾಂಗಲಿನ ಮುಚ್ಚಳದೊಳಗಿನ ಮಾದರಿ ನಂಬರ್, ಎಲ್‌ಎಸ್‌ಯುಎಸ್‌ಬಿ ತೋರಿಸಿದ ಸಾಲು, ಯಾವ ಕಂಪನಿಯ ಸಿಮ್, ದೀಪದ ಬಣ್ಣ, ಇಷ್ಟನ್ನು ಬರೆದು ಕೊಡಿ. ಡಿಎಂಇಎಸ್‌ಜಿಯ ಕೊನೆಯ ಮೂವತ್ತು ಸಾಲನ್ನೂ ಸೇರಿಸಿ. ಎಂಎಂಸಿಎಲ್‌ಐ ಪಟ್ಟಿಯನ್ನು ಕಳಿಸುವುದಾದರೆ ಅದರಲ್ಲಿರುವ ನಿಮ್ಮ ಫೋನ್ ನಂಬರ್, ಡಾಂಗಲಿನ ಗುರುತಾದ 15 ಅಂಕಿಯ ಐಎಂಇಐ ನಂಬರ್ ಎರಡನ್ನೂ ಅಳಿಸಿ ಕಳಿಸಿ.